ಸಿಲಿಂಡರಿನ ಗೋಡೆ

ಚಾಮರಾಜಪೇಟೆಯಲ್ಲಿ ಏಕಾಂತಯ್ಯನದೊಂದು ಮೋಟಾರ್‌ಸೈಕಲ್ ರಿಪೇರಿ ಅಂಗಡಿಯಿತ್ತು. ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜು ಹಾಕಿದ ಹಳೆಯ ಗಾಡಿಗಳು ಒಂದಲ್ಲ ಒಂದು ದಿನ ಅವನ ಕೈಗೆ ಬರುತ್ತಿದ್ದವು. ಪರಮಶಿವಯ್ಯನ ಗಾಡಿಯೂ ಅಂಥದ್ದೇ. ಅದಕ್ಕೊಂದು ಸೈಡ್‌ಕಾರ್ ಕಟ್ಟಿಸಿ, ಹೆಂಡತಿ ದಾಕ್ಷಾಯಣಮ್ಮನನ್ನು ಕೂರಿಸಿಕೊಂಡು ಓಡಾಡುತ್ತಿದ್ದ. ಆಕೆ ಹೆರಿಗೆ ಮಾಡಿಸುವ ನರ್ಸಮ್ಮ. ಮಾವಳ್ಳಿಯಿಂದ ತ್ಯಾಗರಾಜನಗರದವರೆಗೆ ಎಷ್ಟೋ ಮನೆಗಳ ಮಕ್ಕಳು ಆಕೆಯ ಕೈಯಲ್ಲೇ ಹುಟ್ಟಿದ್ದವು.

ಸಾವಿರದ ಒಂಬೈನೂರ ಐವತ್ತೆರಡರ ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಪರಮಶಿವಯ್ಯ ಅಂಗಡಿಗೆ ಬಂದ.

"ಗವಿಪುರದ ಏರಲ್ಲಿ ಗಾಡಿ ಎಳೆಯಲ್ಲ ಏಕಾಂತಯ್ಯ. ಮೊನ್ನೆ ಇವಳು ಇಳಿದು ನಡಕೊಂಡು ಬಂದ್ಲು. ಮುನ್ನೂರೈವತ್ತು ಸಿ.ಸಿ. ಸಾಲಲ್ಲ."

"ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿದ್ರೆ ನಾನೂರರ ಹತ್ರ ಬರತ್ತೆ," ಎಂದ ಏಕಾಂತಯ್ಯ.

"ತೊಂದ್ರೆ ಇಲ್ವಾ?"

"ನಾನಿದೀನಲ್ಲ."

ಇಂಜಿನ್ ಬಿಚ್ಚಿದಾಗ, ಗಾಡಿ ಸೈನ್ಯದಲ್ಲಿದ್ದಾಗಲೇ ಸಿಲಿಂಡರನ್ನೊಮ್ಮೆ ಕೊರೆಸಿದ್ದು ಕಂಡಿತು. ಉಳಿದ ಗೋಡೆಯ ದಪ್ಪ ಅಳೆದು ನೋಡಿದ. ಕೂದಲೆಳೆಯಷ್ಟು ಕೆರೆದರೆ ಸರಿ. ನಾನೂರಾಗಬೇಕಾದರೆ ಒಳಗನ್ನು ಪೂರ್ತಿ ಐದು ಮಿಲಿಮೀಟರ್ ಅಗಲ ಮಾಡಬೇಕು. ಆಮೇಲೆ ಉಳಿಯುವ ಕಬ್ಬಿಣ ಒಳಗೆ ಉರಿಯುವ ಬೆಂಕಿಯನ್ನು ಎಷ್ಟು ದಿನ ತಡೆದೀತು? ಆದರೆ ಕಾರೊಂದರ ಪಿಸ್ಟನ್ ಅಳತೆಗೆ ಸರಿಯಾಗಿ ಕೈಯಲ್ಲಿತ್ತು. ಊರಲ್ಲಿ ಯಾರೂ ಮಾಡದ ಕೆಲಸ ಮಾಡಬೇಕೆಂಬ ಆಸೆಯೂ ಇತ್ತು. ಲೇತ್ ಯಂತ್ರದ ಅಂಗಡಿಗೆ ಕೊಟ್ಟು ಕೊರೆಸಿಯೇಬಿಟ್ಟ.

ಗಾಡಿ ಏರನ್ನು ಸರಾಗವಾಗಿ ಹತ್ತಿತು. ಪರಮಶಿವಯ್ಯ ಕಂಡವರಿಗೆಲ್ಲ ಹೇಳಿಕೊಂಡು ಬಂದ. ಏಕಾಂತಯ್ಯನಿಗೆ ಮಾತ್ರ, ಆ ಗಾಡಿಯ ಸದ್ದು ಬೀದಿಯಲ್ಲಿ ಕೇಳಿದಾಗಲೆಲ್ಲ ಕೈಯಲ್ಲಿನ ಸ್ಪ್ಯಾನರ್ ನಿಲ್ಲುತ್ತಿತ್ತು. "ಎಣ್ಣೆ ಜಾಸ್ತಿ ಕುಡೀತಿದೆ, ಬೇಗ ಕಾಯತ್ತೆ," ಎಂದು ಪರಮಶಿವಯ್ಯ ಹೇಳಿದಾಗ, "ಹೊಸ ಪಿಸ್ಟನ್ ಅಲ್ವಾ, ಪಳಗಲಿ," ಎಂದುಬಿಟ್ಟ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ತ್ಯಾಗರಾಜನಗರದ ರಾಮಾಂಜಿನಪ್ಪನವರ ಮಗಳು ಕೋಕಿಲಾಗೆ ನೋವು ಕಾಣಿಸಿಕೊಂಡಿತು. ದಾಕ್ಷಾಯಣಮ್ಮನನ್ನು ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲೇ ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿಕೊಂಡು ಗಾಡಿ ನಿಂತಿತು. ದಾಕ್ಷಾಯಣಮ್ಮ ಚೀಲ ಹಿಡಿದು ಬಿಸಿಲಲ್ಲಿ ಒಂದು ಮೈಲಿ ನಡೆದರು. ತಲುಪುವಷ್ಟರಲ್ಲಿ ಮಗು ಹುಟ್ಟಿತ್ತು, ತಾಯಿಗೆ ರಕ್ತ ಹರಿಯುತ್ತಿತ್ತು. ಹೇಗೋ ನಿಲ್ಲಿಸಿದರು. ಕೋಕಿಲಾ ಬದುಕಿದಳು, ಆದರೆ ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ.

ಏಕಾಂತಯ್ಯ ಇಂಜಿನ್ ಬಿಚ್ಚಿದ. ಸಿಲಿಂಡರಿನ ಗೋಡೆ ಉದ್ದಕ್ಕೂ ಸೀಳಿಹೋಗಿತ್ತು.

"ಬಿಸಿಲಿಗೆ ಹೀಗಾಯ್ತೇನೋ," ಎಂದ ಪರಮಶಿವಯ್ಯ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು.

ಹೌದು ಎಂದರೆ ಮುಗಿದುಹೋಗುತ್ತಿತ್ತು. ಏಕಾಂತಯ್ಯ ಸೀಳಿದ ಸಿಲಿಂಡರನ್ನು ಎತ್ತಿ ಮೂಲೆಗಿಟ್ಟ. ಮರುದಿನ ಬೆಳಿಗ್ಗೆ ಅವರ ಮನೆಗೆ ಹೋಗಿ ದಾಕ್ಷಾಯಣಮ್ಮನೆದುರು ನಿಂತ.

"ಅಮ್ಮಾ, ಗೋಡೆ ತೆಳ್ಳಗಾಗತ್ತೆ ಅಂತ ನಂಗೆ ಮೊದಲೇ ಗೊತ್ತಿತ್ತು. ಹೇಳ್ಲಿಲ್ಲ."

ಆಕೆ ಅವನತ್ತ ತಿರುಗಿದರು. "ಹೇಳಿದ್ರೆ ನಾನು ಏರಲ್ಲಿ ಇಳಿದು ನಡೀತಿದ್ದೆ ಏಕಾಂತಯ್ಯ. ನಡಿಯೋದು ನಂಗೇನು ಕಷ್ಟ ಆಗಿರ್ಲಿಲ್ಲ."

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಬೇರೊಂದು ಗಾಡಿಯಿಂದ ಗಟ್ಟಿ ಸಿಲಿಂಡರ್ ತಂದು, ಮೊದಲಿನ ಅಳತೆಯ ಪಿಸ್ಟನ್ನನ್ನೇ ಕೂರಿಸಿದ. ಚೈನು ಎಳೆಯುವ ಮುಂದಿನ ಹಲ್ಲುಚಕ್ರವನ್ನು ಮಾತ್ರ ಚಿಕ್ಕದು ಮಾಡಿದ. ವೇಗ ತಗ್ಗಿತು, ಆದರೆ ಗಾಡಿ ಭಾರ ಎಳೆಯಿತು. ಹೀಗೆ ಮಾಡಬಹುದೆಂದು ಜನವರಿಯಲ್ಲೂ ಅವನಿಗೆ ಗೊತ್ತಿತ್ತು. ಅದರಲ್ಲಿ ಹೆಸರು ಬರುವಂಥದ್ದೇನೂ ಇರಲಿಲ್ಲ, ಅಷ್ಟೆ.

ಕೋಕಿಲಾ ಎದ್ದು ಓಡಾಡತೊಡಗಿದ ಮೇಲೆ ರಾಮಾಂಜಿನಪ್ಪನವರ ಮನೆಗೂ ಹೋಗಿ ಅದೇ ಮಾತು ಹೇಳಿದ. ಅವರು ಜಗಲಿಯ ಮೇಲೆ ಕೂತೇ ಕೇಳಿಸಿಕೊಂಡರು. ಆಮೇಲೆ ಕೇಳಿದರು:

"ಈಗ ನರ್ಸಮ್ಮನ ಗಾಡಿ ಹೆಂಗಿದೆ?"

"ನಿಧಾನ ಸ್ವಾಮಿ. ನಡುದಾರೀಲಿ ನಿಲ್ಲಲ್ಲ."

ಕೂತುಕೋ ಎಂದು ಅವರು ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಏಕಾಂತಯ್ಯ ಕೈಮುಗಿದು ಹೊರಟ.