ಫ್ಯಾನಿನ ಹಾಡಿಗೆ ಚಿನ್ನದ ಹೊಳಪು

ಎಲ್ಲಿಂದ ಶುರು ಮಾಡಲಿ? ಸದ್ದಿನಿಂದ ಶುರು ಮಾಡೋಣವೆಂದರೆ ಕಾಗದಕ್ಕೆ ಬಾಯಿಲ್ಲ. "ಒಂದು ಊರಿನಲ್ಲಿ ಒಬ್ಬ ಮೈಕ್‌ಸೆಟ್‌ನವನಿದ್ದ" ಎಂದು ಬರೆದೆ. ಅವನೇ ಗದರಿದ: "ಇದ್ದ ಅಂತೀರಲ್ಲ, ಇನ್ನೂ ಬದುಕಿದೀನಿ ಸ್ವಾಮಿ!" ಆ ಸಾಲನ್ನು ಗೀಟು ಎಳೆದು ಹೊಡೆದು ಹಾಕಿದೆ.

೧.
ಮೈಕ್‌ಸೆಟ್‌ನವನು ಇದ್ದಾನೆ. ನಲವತ್ತು ವರ್ಷ ಸಭೆ ಸಮಾರಂಭಗಳಿಗೆ ಸ್ಪೀಕರ್ ಕಟ್ಟಿದವನು. ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಗಂಟಲಿನ ಆಪರೇಷನ್‌ಗೆ ಹೋಗುವ ಹಿಂದಿನ ದಿನ ಆಕೆ ಒಂದು ಹಾಡು ಹಾಡಿದಳು, ಮಗಳು ಮೊಬೈಲಿನಲ್ಲಿ ಹಿಡಿದಿಟ್ಟಳು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಆ ದನಿ ಇರುವುದು ಆ ಒಂದು ಹಾಡಿನಲ್ಲಿ ಮಾತ್ರ.

(ಇಲ್ಲಿ ಹಿನ್ನೆಲೆಗೆ ಪಿಟೀಲು ಬೇಕಿತ್ತು. ಕೊಡುವುದಿಲ್ಲ.)

೨.
ಹಾಡನ್ನು ಹೊರಗೆ ಬಿಡುವ ಮುನ್ನ ಸದ್ದನ್ನು ಹದಮಾಡುವ ಕೊನೆಯ ಕೆಲಸಕ್ಕೆ ಮಾಸ್ಟರಿಂಗ್ ಎನ್ನುತ್ತಾರೆ. ಆನ್‌ಲೈನಿನಲ್ಲಿ ಅದನ್ನು ಮಾಡಿಕೊಡುವ ಮಹಾನುಭಾವರು ಬೇಕಾದಷ್ಟು. ಮಗಳು ಒಬ್ಬರನ್ನು ಹುಡುಕಿದಳು. ಪ್ರಪಂಚದ ದೊಡ್ಡ ದೊಡ್ಡ ಗಾಯಕರೆಲ್ಲ ಅವರ ಗಿರಾಕಿಗಳಂತೆ. ಒಬ್ಬರ ಹೆಸರೂ ಹಾಕಿಲ್ಲ, ಪಾಪ, ಸಂಕೋಚ.

"ಅಪ್ಪಾ, ಮಾದರಿಗೆ ಅಂತ ಅವರೇ ಹಾಕಿರೋ ಹಾಡು. ಇದು ಮೊದಲಿನದು. ಇದು ಅವರು ಕೈಯಾಡಿಸಿದ ಮೇಲಿನದು. ಎಷ್ಟು ಚೆನ್ನಾಗಿದೆ ನೋಡು!"

ಅವನು ಎರಡನೆಯದರ ವಾಲ್ಯೂಮ್ ಇಳಿಸಿ ಮೊದಲಿನದಕ್ಕೆ ಸಮ ಮಾಡಿದ. "ಈಗ ಕೇಳು."

ಮಗಳು ಕೇಳಿದಳು. ಮತ್ತೊಮ್ಮೆ ಕೇಳಿದಳು. "ಎರಡೂ ಒಂದೇ ಅಲ್ವಾ?"

"ಜೋರಾಗಿಟ್ರೆ ಚೆನ್ನಾಗಿದೆ ಅನ್ಸುತ್ತೆ ಕಣೆ. ಇದೇ ಆಟ ಆಡಿ ನಾನೂ ಎಷ್ಟೋ ಮದುವೆ ಆರ್ಡರ್ ಹಿಡಿದಿದೀನಿ."

೩.
ಅಪ್ಪ ಮಗಳ ಜಗಳ ಒಂದೂವರೆ ಪುಟ ಬರೆದಿದ್ದೆ. ಇಬ್ಬರೂ ಆಡಲು ಒಪ್ಪಲಿಲ್ಲ. ಬದಲಿಗೆ ತಲೆ ಮೇಲೆ ತಿರುಗುತ್ತಿದ್ದ ಫ್ಯಾನಿನ ಸದ್ದನ್ನು ಮೂರು ನಿಮಿಷ ರೆಕಾರ್ಡ್ ಮಾಡಿ, 'ಅಮ್ಮನ ಹಾಡು' ಎಂದು ಹೆಸರಿಟ್ಟು ಕಳಿಸಿದರು. ಆ ಆನ್‌ಲೈನಿನವರಲ್ಲಿ ಮೊದಲ ಹಾಡು ಪುಕ್ಕಟೆ.

ಎರಡೇ ನಿಮಿಷಕ್ಕೆ ಉತ್ತರ: "ನಿಮ್ಮ ಗಾಯನ ಅದ್ಭುತ! ನಮ್ಮ ಹಿರಿಯ ಎಂಜಿನಿಯರ್ ಪೂರ್ತಿ ಕೇಳಿ ಭಾವುಕರಾದರು. ಚಿನ್ನದ ಪ್ಯಾಕೇಜ್ ತೆಗೆದುಕೊಂಡರೆ ಇನ್ನೂ ಹೊಳೆಯುತ್ತೀರಿ."

(ಮೂರು ನಿಮಿಷದ ಹಾಡನ್ನು ಎರಡೇ ನಿಮಿಷದಲ್ಲಿ ಪೂರ್ತಿ ಕೇಳಿದ ಆ ಕಿವಿಗೆ ನನ್ನ ನಮಸ್ಕಾರ.)

ಹೆಂಡತಿ ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ ನಕ್ಕಳು. ಅಳತೆ ಗುರುತು ಹಾಕುವ ಸೀಮೆಸುಣ್ಣದಿಂದ ಕಪ್ಪು ಬಟ್ಟೆಯ ಮೇಲೆ ಮಗಳಿಗೆ ಬರೆದಳು: "ನಿಮ್ಮಪ್ಪ ನಂಗೆ ಒಂದ್ಸಲನೂ ಹೀಗೆ ಹೇಳಿಲ್ಲ. ಫ್ಯಾನ್ ಪುಣ್ಯ ಮಾಡಿತ್ತು."

೪.
ಮುಕ್ತಾಯ ಒಂದು: ಮೋಸಗಾರರು ಸಿಕ್ಕಿಬೀಳುತ್ತಾರೆ. (ನೀವೇ ನಂಬುವುದಿಲ್ಲ.)

ಮುಕ್ತಾಯ ಎರಡು: ಹಾಡು ಲಕ್ಷ ಜನಕ್ಕೆ ತಲುಪುತ್ತದೆ. "ಲಕ್ಷ ಜನ ಯಾಕೆ ಸ್ವಾಮಿ? ಮೊಮ್ಮಕ್ಕಳು ಕೇಳಿದ್ರೆ ಸಾಕು" ಎಂದು ಮೈಕ್‌ಸೆಟ್‌ನವನು ಅಡ್ಡ ಬಂದ.

ಮುಕ್ತಾಯ ಮೂರು: ಎರಡು ಬೀದಿ ಆಚೆ ಒಬ್ಬ ಹೆಂಗಸು ಇದೇ ಕೆಲಸ ಮಾಡುತ್ತಾಳೆ. ಆಕೆಗೊಂದು ಬಾಗಿಲಿದೆ, ಬಾಗಿಲ ಮೇಲೆ ಹೆಸರಿದೆ. ಹಾಡಿನ ಒಂದು ಪ್ರತಿ ಕೊಟ್ಟು ಬಂದರು. ಆಕೆ ಹೊಗಳಲಿಲ್ಲ. ಮೂರು ದಿನ ಬಿಟ್ಟು ಆಕೆ ಫೋನ್ ಮಾಡಿದಾಗ ಮಗಳು ಸ್ಪೀಕರ್ ಹಾಕಿದಳು. ಆಕೆ ಕೇಳಿದಳು: "ಅಮ್ಮಾ, ಎರಡನೇ ಸಾಲಿಗೆ ಮುಂಚೆ ಗಟ್ಟಿಯಾಗಿ ಉಸಿರೆಳೆದಿದೀರಿ. ಇಟ್ಕೊಳ್ಳಲಾ, ತೆಗೀಲಾ?"

ಇಷ್ಟು ದಿನದಲ್ಲಿ ಯಾರೂ ಕೇಳದ ಪ್ರಶ್ನೆ. ಹೆಂಡತಿಯ ಕೈ ತನ್ನ ಕುತ್ತಿಗೆಗೆ ಹೋಯಿತು. ಈಗ ಉಸಿರು ಹೋಗಿಬರುವುದು ಅಲ್ಲಿನ ಸಣ್ಣ ತೂತಿನಿಂದ; ಬಾಯಿಂದ ಗಟ್ಟಿಯಾಗಿ ಎಳೆದ ಉಸಿರು ಉಳಿದಿರುವುದು ಆ ಹಾಡಿನಲ್ಲಿ ಮಾತ್ರ. ಮಗಳು "ತೆಗೀರಿ" ಎನ್ನಲು ಹೊರಟವಳು ಬಾಯಿ ಮುಚ್ಚಿದಳು.

ಫೋನಿನ ಆ ಕಡೆಯವಳು ಕಾಯುತ್ತಿದ್ದಾಳೆ. ನೀವೂ ಕಾಯುತ್ತಿದ್ದೀರಿ. ಒಂದು ಉತ್ತರ ಬರೆದು ಕಥೆ ಮುಗಿಸಿಬಿಡೋಣವೆಂದು ಪೆನ್ನು ಎತ್ತಿದೆ.

"ನೀವು ಸುಮ್ನಿರಿ ಸ್ವಾಮಿ," ಎಂದ ಮೈಕ್‌ಸೆಟ್‌ನವನು. "ಕೇಳಿದ್ದು ಅವಳನ್ನ."