ಕೊಟ್ಟೇ ಕೊಡುತ್ತೇವೆ

ಅರವತ್ತೆಂಟು ದಾಟಿದರೂ ಮನೆಯವರಿಗೆಲ್ಲ ಅವಳು ಪುಟ್ಟಿಯೇ. ಅಣ್ಣ ಇಟ್ಟ ಹೆಸರು. ಅಣ್ಣ ಹೋದ ಮೇಲೂ ಅತ್ತಿಗೆ ಅದನ್ನು ಬಿಟ್ಟಿರಲಿಲ್ಲ.

"ಪುಟ್ಟೀ, ಹಳೇ ಶಾಸನಸಭೆ ಭವನಾನ ಜನ ನೋಡೋಕೆ ತೆರೆದಿದ್ದಾರಂತೆ. ಬರ್ತೀಯಾ?" ಎಂದು ಅತ್ತಿಗೆ ಫೋನಿನಲ್ಲಿ ಕೇಳಿದಾಗ ಪುಟ್ಟಿಗೆ ನಗು ಬಂತು.

"ಮೂವತ್ತು ಚಿಲ್ಲರೆ ವರ್ಷ ಅಲ್ಲೇ ಕೂತು ಟೈಪ್ ಕುಟ್ಟಿದ್ದು ಸಾಕಾಗ್ಲಿಲ್ವಾ ಅತ್ತಿಗೆ?"

"ಟೈಪ್ ಅಲ್ಲ ಕಣೇ, ಶೀಘ್ರಲಿಪಿ."

"ಎಲ್ಲಾ ಒಂದೇ ಬಿಡಿ."

ಅತ್ತಿಗೆಯ ಕೆಲಸದ ಬಗ್ಗೆ ಪುಟ್ಟಿಗೆ ಗೊತ್ತಿದ್ದದ್ದು ಅಷ್ಟೇ. ಅಧಿವೇಶನ ನಡೆಯುವ ದಿನಗಳಲ್ಲಿ ಅತ್ತಿಗೆ ಸೋತು ಸುಣ್ಣವಾಗಿ ಬರುತ್ತಿದ್ದಳು. ಬಲಗೈ ಬೆರಳು ನೋಯುತ್ತಿದ್ದುದರಿಂದ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದಳು. ಇವತ್ತೇನಾಯಿತು ಎಂದು ಯಾರಾದರೂ ಕೇಳಿದರೆ, "ಅವರು ಮಾತಾಡಿದ್ರು, ನಾನು ಬರ್ಕೊಂಡೆ" ಎಂದು ಎರಡೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದಳು. ಸದನದ ಮಾತನ್ನು ಮನೆಗೆ ತರಬಾರದು ಎಂಬುದು ಅವಳು ತನಗೆ ತಾನೇ ಹಾಕಿಕೊಂಡ ಕಟ್ಟಳೆ. ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದ ಪುಟ್ಟಿ ತನ್ನ ಗೆಳತಿಯರಿಗೆಲ್ಲ, "ನಮ್ಮತ್ತಿಗೆ ದೊಡ್ಡ ಆಫೀಸಲ್ಲಿ ಟೈಪಿಸ್ಟು" ಎಂದು ಹೇಳಿಕೊಂಡು ಬಂದಿದ್ದಳು.

ಭಾನುವಾರ ಬೆಳಿಗ್ಗೆ ಇಬ್ಬರೂ ಹೋದರು. ಬಾಗಿಲಿಗೆ ಹತ್ತುವ ಕಲ್ಲಿನ ಮೆಟ್ಟಿಲುಗಳು ನಡುವೆ ಸವೆದು ತಗ್ಗಾಗಿದ್ದವು. ಮಂಡಿನೋವಿನ ಅತ್ತಿಗೆ ಮನೆಯಲ್ಲಿ ಎರಡು ಮೆಟ್ಟಿಲಿಗೂ ಉಸ್ಸಪ್ಪಾ ಎನ್ನುವವಳು. ಇಲ್ಲಿ ತವರಿಗೆ ಬಂದವಳ ಹಾಗೆ ಸರಸರ ಹತ್ತಿದಳು. ಪುಟ್ಟಿಯೇ ಹಿಂದೆ ಬಿದ್ದಳು.

ಒಳಗೆ ಇಪ್ಪತ್ತು ಮಂದಿಯ ಗುಂಪಿಗೊಬ್ಬ ಮಾರ್ಗದರ್ಶಿ. ಇವರ ಗುಂಪಿಗೆ ಸಿಕ್ಕಿದ್ದು ಚುರುಕು ಮಾತಿನ ಒಬ್ಬ ತರುಣಿ. ಗ್ರಂಥಾಲಯ, ಉದ್ದನೆಯ ಮೊಗಸಾಲೆ ಎಲ್ಲ ತೋರಿಸಿ ಕೊನೆಗೆ ಸದನದ ಬಾಗಿಲು ತೆರೆದಳು. ಪುಟ್ಟಿ ಹೊಸ್ತಿಲಲ್ಲೇ ನಿಂತು ನೋಡಿದಳು. ಲಾಳದ ಆಕಾರದಲ್ಲಿ ಸಾಲು ಸಾಲು ಆಸನಗಳು, ಮೇಲೆ ಗಾಜಿನ ಗುಮ್ಮಟ, ಎದುರಿಗೆ ಸಭಾಧ್ಯಕ್ಷರ ಎತ್ತರದ ಪೀಠ. ಅದರ ಕೆಳಗೆ, ಎಲ್ಲರ ನಟ್ಟನಡುವೆ, ಒಂದು ಪುಟ್ಟ ಮೇಜು, ಎರಡು ಕುರ್ಚಿ. ಸುತ್ತಲೂ ಹಗ್ಗ ಕಟ್ಟಿದ್ದರು.

"ಇದು ವರದಿಗಾರರ ಮೇಜು," ಎಂದಳು ತರುಣಿ. "ಧ್ವನಿಮುದ್ರಣ ಇಲ್ಲದ ಕಾಲದಲ್ಲಿ ಸದನದ ಮಾತನ್ನೆಲ್ಲ ಇಲ್ಲೇ ಕೂತು ಬರ್ಕೊಳ್ತಿದ್ರು. ಒಂದ್ಸಲ ಗಿರಣಿ ಕೆಲಸದ ಹೆಂಗಸರಿಗೆ ಹೆರಿಗೆ ರಜೆ ಕೊಡೋ ಮಸೂದೆ ಚರ್ಚೆಗೆ ಬಂದಿತ್ತು. ಗದ್ದಲದ ಮಧ್ಯೆ ಮಂತ್ರಿಗಳು, 'ಮೂರು ತಿಂಗಳ ರಜೆ ಕೊಡುತ್ತೇವೆ' ಅಂದುಬಿಟ್ಟರು. ಮಾರನೇ ದಿನ, ನಾನು ಹಾಗೆ ಹೇಳೇ ಇಲ್ಲ, ಪರಿಶೀಲಿಸ್ತೀವಿ ಅಂದಿದ್ದೆ ಅಂದ್ರು. ಆಗ ಒಬ್ಬ ವರದಿಗಾರ ತನ್ನ ಪುಸ್ತಕ ತೆಗೆದು ಓದಿದ. ಮಂತ್ರಿಗಳು ತಲೆ ತಗ್ಗಿಸಿದರು."

ಅತ್ತಿಗೆ ಗಂಟಲು ಸರಿಮಾಡಿಕೊಂಡಳು.

"ಕೊಡುತ್ತೇವೆ ಅಂತಲ್ಲಮ್ಮ ಅವರು ಹೇಳಿದ್ದು. 'ಕೊಟ್ಟೇ ಕೊಡುತ್ತೇವೆ' ಅಂದ್ರು. ತಲೆಯೂ ತಗ್ಗಿಸ್ಲಿಲ್ಲ ಪಾಪ."

"ನಿಮಗೆ ಹೇಗೆ ಗೊತ್ತಮ್ಮ?"

"ನಾನೇ ಬರ್ಕೊಂಡಿದ್ದು."

ಗುಂಪೆಲ್ಲ ತಿರುಗಿ ನೋಡಿತು. ಪುಟ್ಟಿಯೂ ನೋಡಿದಳು, ಯಾರೋ ಹೊಸಬರನ್ನು ನೋಡುವ ಹಾಗೆ.

ತರುಣಿ ಹತ್ತಿರ ಬಂದು ಅತ್ತಿಗೆಯ ಕೈ ಹಿಡಿದುಕೊಂಡಳು. "ಹೇಳಿ ಅಮ್ಮ, ದಯವಿಟ್ಟು."

ಅತ್ತಿಗೆ ಹೇಳಿದಳು. ಆಗ ಅವಳಿಗೆ ಇಪ್ಪತ್ತನಾಲ್ಕು. ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ವರದಿಗಾರರು ಹತ್ತತ್ತು ನಿಮಿಷ ಸರದಿಯಲ್ಲಿ ಬರೆದುಕೊಳ್ಳುತ್ತಿದ್ದರು; ಆ ಮಾತು ಬಂದದ್ದು ಅವಳ ಪಾಲಿಗೆ. ಮಾರನೆಯ ಬೆಳಿಗ್ಗೆ ಮಂತ್ರಿಗಳ ಕಾರ್ಯದರ್ಶಿ ಅವಳ ಕೋಣೆಗೇ ಬಂದ. ಗದ್ದಲದಲ್ಲಿ ತಪ್ಪು ಕೇಳಿಸಿರಬೇಕು, ಒಂದು ಪದ ತಾನೇ, ತಿದ್ದಿಬಿಡಿ ಎಂದ. ಕಾಯಂ ಆಗುವ ಕಡತ ತನ್ನ ಮೇಜಿನ ಮೇಲೇ ಇದೆ ಎಂದೂ ಸೂಚಿಸಿದ.

"ನೀವೇನಂದ್ರಿ?" ಎಂದಳು ತರುಣಿ.

"ಕೇಳಿಸಿದ್ದನ್ನ ಬರೆಯೋದು ನನ್ನ ಕೆಲಸ, ಬೇಕಾದ್ದನ್ನ ಬರೆಯೋದಲ್ಲ ಅಂದೆ."

ಮಧ್ಯಾಹ್ನ ಸಭಾಧ್ಯಕ್ಷರು ಅವಳನ್ನು ಎದ್ದು ನಿಂತು ಓದಲು ಹೇಳಿದರು. ಆ ಮೇಜಿನಲ್ಲಿ ಕೂತವರು ಅದುವರೆಗೆ ಸದನದಲ್ಲಿ ಬಾಯಿ ತೆರೆದವರಲ್ಲ. ಅವಳು ಒಂದಕ್ಷರ ಬಿಡದೆ ಓದಿದಳು: ಮಂತ್ರಿಗಳ ಮಾತು, ಮಧ್ಯೆ ಯಾರೋ "ಕೂತ್ಕೊಳ್ರೀ" ಎಂದು ಕೂಗಿದ್ದು, ಇನ್ಯಾರೋ "ನೀವ್ ಕೂತ್ಕೊಳ್ಳಿ" ಎಂದದ್ದು, ಮತ್ತೆ ಮಂತ್ರಿಗಳು ಮೇಜು ಕುಟ್ಟಿ "ಕೊಡುತ್ತೀರಾ ಅಂತ ಕೇಳ್ತೀರಲ್ಲ, ಕೊಟ್ಟೇ ಕೊಡುತ್ತೇವೆ" ಎಂದದ್ದು. ಸದನವೆಲ್ಲ ಗೊಳ್ಳೆಂದಿತು. ನಗು ನಿಂತ ಮೇಲೆ ಮಂತ್ರಿಗಳು ಎದ್ದರು.

"'ಈ ಹುಡುಗಿ ಬರೆದದ್ದು ಸರಿ. ಹೇಳಿದ್ದು ನಾನೇ. ಹೇಳಿದ ಮೇಲೆ ಕೊಡಲೇಬೇಕು' ಅಂದ್ರು. ನೆಟ್ಟಗೆ ನಿಂತು ಹೇಳಿದ್ರು. ಅದನ್ನೂ ನಾನೇ ಬರ್ಕೊಂಡೆ," ಎಂದಳು ಅತ್ತಿಗೆ. "ಅದಕ್ಕೇ ಹೇಳಿದ್ದು, ತಲೆ ತಗ್ಗಿಸಿದ್ರು ಅನ್ನಬೇಡಿ. ಅನ್ಯಾಯ ಆಗುತ್ತೆ. ವರದಿಗಾರ ಅಂತೀರೋ, ವರದಿಗಾರ್ತಿ ಅಂತೀರೋ, ಅದು ನಿಮ್ಮಿಷ್ಟ."

ಜನ ಚಪ್ಪಾಳೆ ತಟ್ಟಿದರು. ಪುಟ್ಟಿಗೆ ತಟ್ಟಲಾಗಲಿಲ್ಲ. ಅವಳ ಮನಸ್ಸು ಲೆಕ್ಕ ಹಾಕುತ್ತಿತ್ತು. ಅದಾಗಿ ಏಳು ವರ್ಷಕ್ಕೆ ಅವಳಿಗೆ ಮಗಳು ಹುಟ್ಟಿದ್ದಳು. ತೂಕ ಕಡಿಮೆಯ, ಹಾಲು ಕುಡಿಯಲೂ ಶಕ್ತಿ ಸಾಲದ ಕೂಸು. ಗಿರಣಿಯವರು ಕೊಟ್ಟ ಮೂರು ತಿಂಗಳೂ ಅದನ್ನು ಎದೆಗವಚಿಕೊಂಡು ಮನೆಯಲ್ಲೇ ಇದ್ದು ಉಳಿಸಿಕೊಂಡಿದ್ದಳು. ಗಿರಣಿಯ ಹಳೆಯ ಹೆಂಗಸರು, ನಮ್ಮ ಕಾಲದಲ್ಲಿ ಎಂಟನೇ ದಿನಕ್ಕೇ ಯಂತ್ರದ ಮುಂದೆ ನಿಲ್ಲಬೇಕಿತ್ತು ಎಂದು ಹೇಳುತ್ತಿದ್ದರು.

"ಅತ್ತಿಗೆ, ಆ ರಜೆ ನಾನೂ ತಗೊಂಡಿದ್ದೆ."

"ಗೊತ್ತು ಕಣೇ. ನಿನ್ನ ಮಗೂಗೆ ಸ್ನಾನ ಮಾಡಿಸ್ತಿದ್ದೋಳು ನಾನೇ ಅಲ್ವಾ?"

"ಒಂದ್ ಮಾತು ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ಮಂತ್ರಿಗಳು ಕೊಟ್ರು, ಸದನ ಒಪ್ಪಿತು. ನಾನು ಬರ್ಕೊಂಡೆ, ಅಷ್ಟೇ."

"ಅಷ್ಟೇ ಅಂತೆ!" ಎಂದಳು ಪುಟ್ಟಿ. ಅತ್ತಿಗೆಯ ಬಲಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು.

ಅಷ್ಟರಲ್ಲಿ ಮುಂದಿನ ಗುಂಪು ಬಾಗಿಲಿಗೆ ಬಂದಿತ್ತು. ತರುಣಿ ಮೇಜಿನ ಸುತ್ತಲಿನ ಹಗ್ಗ ಬಿಚ್ಚಿದಳು. "ಅಮ್ಮ, ಇವರಿಗೂ ನೀವೇ ಹೇಳ್ತೀರಾ? ಅಲ್ಲೇ ಕೂತು?"

ಅತ್ತಿಗೆ ಸ್ವಲ್ಪ ಹಿಂಜರಿದಳು. ಆಮೇಲೆ ಹೋಗಿ ಎಡಗಡೆಯ ಕುರ್ಚಿಯನ್ನು ಎಳೆದು, ಬೆನ್ನು ನೆಟ್ಟಗೆ ಮಾಡಿ ಕೂತಳು. ಪುಟ್ಟಿ ಬೇಕೆಂದೇ ಮೊದಲ ಸಾಲಿನಲ್ಲಿ ಜಾಗ ಹಿಡಿದಳು. ಪಕ್ಕದಲ್ಲಿ ಕೂತ ದಪ್ಪ ಮೀಸೆಯವನೊಬ್ಬ ಫೋನಿನಲ್ಲಿ ಯಾರೊಂದಿಗೋ ಜೋರಾಗಿ ಮಾತಾಡುತ್ತಿದ್ದ.

"ಸ್ವಾಮೀ, ಫೋನ್ ಇಡಿ," ಎಂದಳು ಪುಟ್ಟಿ. "ನಮ್ಮತ್ತಿಗೆ ಮಾತಾಡ್ತಾರೆ."