ಅಳಿಸಿ ಹಾಕಿದ ದಾರಿ

"ಅಕ್ಕಾ, ಇಲ್ಲೊಂದು ಚೆನ್ನಾಗಿರೋ ದಾರಿ ಸಿಕ್ತು. ಮ್ಯಾಪಲ್ಲಿ ಇಲ್ವೇ ಇಲ್ಲ, ಹೊಸದಾಗಿ ಮಾಡಿರ್ಬೇಕು. ಇದರಲ್ಲೇ ಇಳಿದು ಬರ್ತಿದೀನಿ. ಟೀಗೆ ನೀರಿಡು."

ಫೋನಿನಲ್ಲಿ ತಮ್ಮನ ದನಿ ಇಷ್ಟು ಹೇಳಿ ಕಟ್ಟಾಯಿತು. ಕಾಡಿನ ಗೇಟು ಕಾಯುವ ಅಕ್ಕ ಪಾತ್ರೆಯನ್ನು ಸ್ಟೌವಿನ ಮೇಲಿಟ್ಟವಳು ಹಚ್ಚುವುದನ್ನೇ ಮರೆತಳು. ಹೇಳದೆ ಕೇಳದೆ ಹೊರಟು, ಅರ್ಧ ದಾರಿಯಲ್ಲಿ ಫೋನು ಮಾಡಿ, ಗುಡ್ಡದ ಆಚೆಯಿಂದ ನಡೆದು ಬಂದು ಎದುರಿಗೆ ನಿಂತು ಹಲ್ಲು ಕಿರಿಯುವುದು ಅವನ ಹುನ್ನಾರ. ಚಿಕ್ಕಂದಿನಿಂದಲೂ ಅದೇ ಚಾಳಿ. ಆಚೆಯಿಂದ ಇಳಿಯುವ ದಾರಿಗಳಲ್ಲಿ ನಕ್ಷೆಯಲ್ಲಿಲ್ಲದ್ದು ಒಂದೇ. ಅದನ್ನು ಅಳಿಸಿ ಹಾಕಿಸಿದವಳು ಅವಳೇ.

ಆ ದಾರಿಯ ನಡುಭಾಗ ದೊಡ್ಡ ಮಳೆಯೊಂದಕ್ಕೆ ಕುಸಿದು ಕಣಿವೆಗೆ ಜಾರಿತ್ತು. ಇಲಾಖೆ ದಾರಿ ಮುಚ್ಚಿತು, ಮಣ್ಣು ನಿಲ್ಲಲೆಂದು ಗಿಡ ನೆಡಿಸಿತು. ನೆಟ್ಟವಳು, ನೀರು ಹೊತ್ತವಳು, ಬುಡಕ್ಕೆ ಕಲ್ಲು ಕೂರಿಸಿದವಳು ಇವಳು. ಆದರೆ ಫೋನಿನ ನಕ್ಷೆಗೆ ಇದನ್ನೆಲ್ಲ ಯಾರು ಹೇಳಬೇಕು? ಅಲ್ಲಿ ದಾರಿ ಮೊದಲಿನಂತೆಯೇ ಮೆರೆಯುತ್ತಿತ್ತು. ಭಾನುವಾರ ಬಂತೆಂದರೆ ಜನ ಬೇಲಿ ಹಾರಿ ಸಸಿ ತುಳಿದುಕೊಂಡು ಹೋಗುವರು. ತಡೆದರೆ, ಮ್ಯಾಪಿನಲ್ಲಿದೆಯಲ್ಲ ಎಂದು ಇವಳಿಗೇ ಪಾಠ ಹೇಳುವರು.

ಆ ನಕ್ಷೆಯನ್ನು ಆಸಕ್ತಿ ಇರುವವರು ಬಿಡುವಿನಲ್ಲಿ ಕೂತು ತಿದ್ದುತ್ತಾರೆಂದು ತಿಳಿದದ್ದೇ, ಅಂಥ ಒಬ್ಬ ನಿವೃತ್ತ ಮೇಷ್ಟರ ಬೆನ್ನು ಬಿದ್ದಳು. ಅಳಿಸಬಾರದು ಎಂದರು ಮೇಷ್ಟರು. ನೆಲದ ಮೇಲೆ ಕಾಣುವ ದಾರಿ ನಕ್ಷೆಯಲ್ಲೂ ಇರಬೇಕು, 'ಮುಚ್ಚಿದೆ, ಕುಸಿದಿದೆ' ಎಂದು ಕೆಂಪಿನಲ್ಲಿ ತೋರಿಸೋಣ ಎಂದರು. ಬೇಡ ಅಂದದ್ದನ್ನೇ ಮಾಡುವ ಜನ, ಕೆಂಪು ಕಂಡರೆ ಇನ್ನಷ್ಟು ನುಗ್ಗುತ್ತಾರೆ ಎಂದು ಇವಳು ಪಟ್ಟು ಹಿಡಿದಳು. ಮೇಷ್ಟರು ಸೋತರು. ಭಾನುವಾರಗಳು ತಣ್ಣಗಾದವು, ಸಸಿಗಳು ಚಿಗುರಿದವು. ಗೆದ್ದ ಖುಷಿಯಲ್ಲಿ, ಆಚೆ ತುದಿಯಲ್ಲಿ ಬಿದ್ದುಹೋಗಿದ್ದ ಎಚ್ಚರಿಕೆಯ ಬೋರ್ಡನ್ನು ಮತ್ತೆ ನಿಲ್ಲಿಸುವ ಗೋಜಿಗೂ ಅವಳು ಹೋಗಲಿಲ್ಲ. ಇಲ್ಲದ ದಾರಿಗೆ ಬೋರ್ಡು ಯಾಕೆ?

ಈಗ ಎಷ್ಟು ಸಲ ಒತ್ತಿದರೂ ತಮ್ಮನ ಫೋನು ಹತ್ತುತ್ತಿಲ್ಲ. ಆಫೀಸಿಗೆ ತಿಳಿಸಿದಳು, ಹಗ್ಗ, ಜನ ಹೊಂದಿಸಿಕೊಂಡು ಬರುವಷ್ಟರಲ್ಲಿ ಕತ್ತಲಾದೀತು ಎಂದರು. ಬೇಲಿ ದಾಟುತ್ತಲೇ ಮೇಷ್ಟರಿಗೆ ಫೋನು ಮಾಡಿದಳು.

"ಮೇಷ್ಟ್ರೇ, ಆ ಗೆರೆ ವಾಪಸ್ ಹಾಕಿ. ನನ್ನ ತಮ್ಮ ಅಲ್ಲಿದಾನೆ."

ಆಡಬಹುದಾದ ಮಾತೊಂದು ಮೇಷ್ಟರ ಬಳಿ ಇತ್ತು, ಪುಣ್ಯಾತ್ಮ ಆಡಲಿಲ್ಲ.

"ಈಗಲೇ ಹಾಕ್ತೀನಿ. ಆದ್ರೆ ಅವನಿಗೆ ಸಿಗ್ನಲ್ ಇದ್ರೆ ಮಾತ್ರ ಕಾಣತ್ತೆ, ತಾಯಿ."

ಅವಳು ಓಡಿದಳು. ಭಾನುವಾರದ ಜನರ ಹಾಗೆಯೇ ಸಸಿಗಳನ್ನು ತುಳಿದುಕೊಂಡು ಓಡಿದಳು. ಮಂಜು ಇಳಿಯುತ್ತಿತ್ತು. ಕುಸಿತದ ಅಂಚಿಗೆ ಬಂದು, ನಿಲ್ಲೋ, ಅಲ್ಲೇ ನಿಲ್ಲು ಎಂದು ಗಂಟಲು ಹರಿಯುವಂತೆ ಕೂಗಿದಳು. ಆಚೆ ಅಂಚು ಮಂಜಿನಲ್ಲಿ ಕಾಣುತ್ತಿರಲಿಲ್ಲ. ಯಾರೂ ಓಗೊಡಲಿಲ್ಲ.

ಫೋನು ನೋಡಿದಳು. ಮೇಷ್ಟರು ಮಾತು ಉಳಿಸಿಕೊಂಡಿದ್ದರು. ಗುಡ್ಡದ ಮೇಲಿಂದ ಅವಳ ಗೇಟಿನವರೆಗೆ ಕೆಂಪು ಗೆರೆ ಮೂಡಿತ್ತು. ಸಿಗ್ನಲ್ಲೂ ಒಂದು ಕಡ್ಡಿ ಬಂದಿತ್ತು. ತಮ್ಮನ ನಂಬರು ಒತ್ತಿದಳು. ಈ ಸಲ ಹತ್ತಿತು.

ಉಸಿರು ಬಿಗಿಹಿಡಿದು ಆಚೆ ಅಂಚಿನ ಕಡೆ ಕಿವಿಗೊಟ್ಟಳು. ಅವನ ಫೋನಿನ ರಿಂಗು ಸಣ್ಣಗೆ ಕೇಳಿಸಿತು. ಆಚೆಯಿಂದಲ್ಲ, ಕೆಳಗಿನಿಂದ.

ಅವಳು ಕೂಗಲಿಲ್ಲ. ಫೋನನ್ನು ಹಾಗೇ ರವಿಕೆಯೊಳಗೆ ಸಿಕ್ಕಿಸಿಕೊಂಡು ನೆಲಕ್ಕೆ ಬೋರಲಾದಳು. ಅಂಚಿನಲ್ಲಿ ತಾನೇ ನೆಟ್ಟ ಗಿಡದ ಬುಡವನ್ನು ಎರಡೂ ಕೈಯಲ್ಲಿ ಹಿಡಿದು, ಕಾಲನ್ನು ಕೆಳಕ್ಕೆ ಇಳಿಬಿಟ್ಟಳು. ಗಿಡ ಬಾಗಿತು, ಕಿತ್ತು ಬರಲಿಲ್ಲ. ಕೆಳಗೆ ಫೋನು ಇನ್ನೂ ರಿಂಗಾಗುತ್ತಿತ್ತು.